ಚಾವಡಿಗೆ ಕೋಲ್ಡ್ ಕ್ಯಾಥೋಡೋ, ಎಲ್‌ಇಡಿ ಸ್ಟ್ರಿಪ್ಪೋ?

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಹಳೇ ಮನೆ ರಿಪೇರಿ ಮಾಡಿಸುವವರಿಗೆ ಚಾವಡಿಯ ಸೀಲಿಂಗ್ ಅಂಚಿಗೆ, ಗಾಜಿನ ಕಪಾಟಿಗೆ ಮೆತ್ತಗಿನ ಬೆಳಕು ಬೇಕು. ಅದಕ್ಕೆ ಎರಡು ದಾರಿ: ಕೋಲ್ಡ್ ಕ್ಯಾಥೋಡ್, ಅಂದರೆ ಟ್ಯೂಬ್‌ಲೈಟಿನ ಹಾಗೆ ಬೆಳಗುವ ಸಪೂರ ಕೊಳವೆ; ಇಲ್ಲವೇ ಎಲ್‌ಇಡಿ ಸ್ಟ್ರಿಪ್, ಅಂದರೆ ಪುಟ್ಟ ಎಲ್‌ಇಡಿ ದೀಪಗಳನ್ನು ಸಾಲಾಗಿ ಕೂರಿಸಿದ ಪಟ್ಟಿ. ಎರಡಕ್ಕೂ 12 ವೋಲ್ಟ್ ಸಾಕು. ಹಾಗಂತ ಎರಡೂ ಒಂದೇ ಅಲ್ಲ.

ಚಂದ ನೋಡಿದರೆ ಕೋಲ್ಡ್ ಕ್ಯಾಥೋಡೇ ಮೇಲು. ಪೆನ್ಸಿಲಿಗಿಂತ ಸಪೂರದ ಗಾಜಿನ ಕೊಳವೆ ಉದ್ದಕ್ಕೂ ಒಂದೇ ಸಮನೆ ಹೊಳೆಯುತ್ತದೆ. ಸ್ಟ್ರಿಪ್‌ನಲ್ಲಿ ಚುಕ್ಕಿ ಚುಕ್ಕಿ ಕಾಣುತ್ತದೆ. ಅಲ್ಯೂಮಿನಿಯಂ ಚಾನೆಲ್‌ಗೆ ಹಾಲುಬಿಳಿ ಮುಚ್ಚಳ ಕೂರಿಸಿದರೆ ಅದು ಬಹುಪಾಲು ಮರೆಯಾಗುತ್ತದೆ.

ಆದರೆ ಕೊಳವೆಗೆ 12 ವೋಲ್ಟ್ ನೇರ ಹೋಗುವುದಿಲ್ಲ. ನಡುವಿನ ಪುಟ್ಟ ಇನ್ವರ್ಟರ್ ಅದನ್ನು ನೂರಾರು ವೋಲ್ಟಿಗೆ ಏರಿಸುತ್ತದೆ. ಹೊತ್ತಿಕೊಳ್ಳುವಾಗ ಸಾವಿರ ದಾಟುವುದೂ ಇದೆ. ಇನ್ವರ್ಟರಿನಿಂದ ಕೊಳವೆಗೆ ಹೋಗುವ ವಯರನ್ನು ಸುಮ್ನೆ ಕತ್ತರಿಸಿ, ಜೋಡಿಸಿ ಉದ್ದ ಮಾಡಬಾರದು. ನಮ್ಮ ಮಳೆಗಾಲ ಗೊತ್ತಲ್ವಾ? ಜುಲೈಯಲ್ಲಿ ಗೋಡೆಯೇ ಬೆವರುತ್ತದೆ, ಕಪಾಟಿನೊಳಗಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಆ ತೇವದಲ್ಲಿ ಅಂಥ ಜೋಡಣೆ ಇಡಲು ನನಗೆ ಧೈರ್ಯವಿಲ್ಲ. ಕೊಳವೆಯೊಳಗೆ ಚೂರು ಪಾದರಸವೂ ಇದೆ. ಒಡೆದರೆ ಕಿಟಕಿ ತೆರೆದಿಡಬೇಕು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಚಿಕ್ಕ ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

ಸ್ಟ್ರಿಪ್ ಕೆಲಸ ಸುಲಭ. ಮೀಟರಿಗೆ 60 ಎಲ್‌ಇಡಿ ಇರುವ ಮಾಮೂಲಿ ಸ್ಟ್ರಿಪ್ಪನ್ನು 5 ಸೆಂಟಿಮೀಟರಿಗೊಮ್ಮೆ ಗುರುತು ನೋಡಿ ಕತ್ತರಿಸಬಹುದು. 5 ಮೀಟರಿಗಿಂತ ಉದ್ದವಾದರೆ ತುದಿ ಮಂಕಾಗುತ್ತದೆ, ಎರಡೂ ಕಡೆಯಿಂದ ಕರೆಂಟು ಕೊಡಿಸಿ. ಅಡಾಪ್ಟರ್ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ವ್ಯಾಟಿನದ್ದೇ ಇರಲಿ. ತೇವ ತಾಗದಂತೆ ಸಿಲಿಕೋನ್ ಲೇಪ ಇರುವ ಸ್ಟ್ರಿಪ್ಪನ್ನೇ ತೆಗೆದುಕೊಳ್ಳಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸ್ಟ್ರಿಪ್ಪಿನ ಹಿಂದಿನ ಅಂಟು ನಿಲ್ಲುವುದಿಲ್ಲ, ಕ್ಲಿಪ್ ಹೊಡೆಸಿ.