ಎಗ್ಮೋರಿನ ಕಂಚಿನ ಗ್ಯಾಲರಿ: ಕ್ಯಾಮೆರಾ ಹಿಡಿದವರಿಗೊಂದು ಶಿಫಾರಸು

ಚೆನ್ನೈನ ಎಗ್ಮೋರ್‌ನಲ್ಲಿ, ಪ್ಯಾಂಥಿಯನ್ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ 1851ರಲ್ಲಿ ಆರಂಭವಾದದ್ದು. ತಿಮಿಂಗಿಲದ ಅಸ್ಥಿಪಂಜರದಿಂದ ಹಿಡಿದು ಅಮರಾವತಿಯ ಬೌದ್ಧ ಶಿಲ್ಪಗಳವರೆಗೆ ಎಲ್ಲವೂ ಒಂದೇ ಆವರಣದ ಬೇರೆಬೇರೆ ಕಟ್ಟಡಗಳಲ್ಲಿವೆ. ಇವೆಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಆಸೆಯನ್ನು ಬದಿಗಿಟ್ಟು, ಛಾಯಾಗ್ರಹಣದ ಗೀಳಿರುವವರು ನೇರವಾಗಿ ಕಂಚಿನ ಮೂರ್ತಿಗಳ ಗ್ಯಾಲರಿಗೆ ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಇಲ್ಲಿರುವ ಮೂರ್ತಿಗಳಲ್ಲಿ ಬಹುಪಾಲು ಉತ್ಸವಮೂರ್ತಿಗಳು. ದೇವಸ್ಥಾನದಲ್ಲಿ ಇಂಥ ಮೂರ್ತಿಯನ್ನು ನಾವು ನೋಡುವುದು ರೇಷ್ಮೆ, ಹೂವು, ಆಭರಣಗಳ ನಡುವೆ, ಅದೂ ಜನಸಂದಣಿಯಲ್ಲಿ ಕ್ಷಣಕಾಲ. ಕಣ್ಣಿಗೆ ದಕ್ಕುವುದು ಮುಖವೊಂದೇ. ಇಲ್ಲಿ ಅಲಂಕಾರವಿಲ್ಲ, ಮಂಗಳಾರತಿಯಿಲ್ಲ, ಮುಂದೆ ನಡೆಯಿರೆಂದು ಅವಸರಪಡಿಸುವವರೂ ಇಲ್ಲ. ಹೀಗಾಗಿ ಬೆನ್ನಿನ ಇಳಿಜಾರು, ಸೊಂಟದ ಬಾಗು, ಪಲ್ಲಕ್ಕಿಗೆ ಬಿಗಿಯಲೆಂದು ಪೀಠದಲ್ಲಿ ಬಿಟ್ಟಿರುವ ತೂತುಗಳು ಎಲ್ಲವೂ ಗಮನಕ್ಕೆ ಬರುತ್ತವೆ. ಪೂಜೆಯಿಲ್ಲದ ಕಡೆ ಭಕ್ತಿಯೆಲ್ಲಿಯದು ಎಂದು ಕೇಳುವವರಿರಬಹುದು. ನನಗಂತೂ ಗರ್ಭಗುಡಿಯ ಮುಂದೆ ಸಿಗದ ಏಕಾಗ್ರತೆ, ಫೋಕಸ್ ಸರಿಪಡಿಸುತ್ತಾ ಉಸಿರು ಬಿಗಿಹಿಡಿದು ನಿಂತಾಗ ಸಿಕ್ಕಿದೆ.

ತಿರುವೆಂಕಾಡಿನಿಂದ ಬಂದ, 11ನೆಯ ಶತಮಾನದ ಅರ್ಧನಾರೀಶ್ವರನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಬಲಭಾಗದ ಶಿವನಿಗೆ ಎರಡು ಕೈಗಳು, ಎಡಭಾಗದ ಪಾರ್ವತಿಗೆ ಒಂದೇ ಕೈ. ಶಿವನ ಉಡುಗೆ ತೊಡೆಯವರೆಗೆ, ಪಾರ್ವತಿಯದು ಕಾಲಿನುದ್ದಕ್ಕೂ. ಇಷ್ಟು ವ್ಯತ್ಯಾಸವಿದ್ದರೂ ಎರಡು ದೇಹಗಳನ್ನು ಜೋಡಿಸಿದಂತೆ ಎಲ್ಲಿಯೂ ಕಾಣುವುದಿಲ್ಲ. ಮಧ್ಯರೇಖೆಯನ್ನು ಚೌಕಟ್ಟಿನ ನಡುವೆ ಇರಿಸಿ ತೆಗೆದ ಚಿತ್ರದಲ್ಲಿ ಮೂರ್ತಿ ಪಠ್ಯಪುಸ್ತಕದ ಚಿತ್ರದಂತೆ ಸಪ್ಪೆಯಾಗುತ್ತದೆ. ಸ್ವಲ್ಪ ಮೂರ್ತಿಯ ಎಡಬದಿಗೆ, ಅಂದರೆ ನಮ್ಮ ಬಲಕ್ಕೆ, ಸರಿದು ನೋಡಿದರೆ ಪಾರ್ವತಿಯ ಸೊಂಟದ ಬಾಗು ಮುಂದಕ್ಕೆ ಬಂದು, ಶಿವನ ಭುಜ ನೆರಳಿಗೆ ಜಾರಿ, ಇಬ್ಬರಲ್ಲಿ ಯಾರು ಯಾರಿಗೆ ಒರಗಿದ್ದಾರೆಂದು ಹೇಳಲಾಗದಂತಾಗುತ್ತದೆ.

ತಿರುವಾಲಂಗಾಡಿನ ನಟರಾಜನಿಗೆ ಈಗ ಜ್ವಾಲೆಯ ಪ್ರಭಾವಳಿಯಾಗಲಿ, ಇಬ್ಬದಿಗೆ ಹರಡಿದ ಜಡೆಗಳಾಗಲಿ ಇಲ್ಲ. ಚಲನೆಯ ಸೂಚನೆಯನ್ನೆಲ್ಲ ದೇಹವೊಂದೇ ಹೊರಬೇಕಾಗಿರುವುದರಿಂದ, ಬಾಗಿದ ಬಲಮಂಡಿಯ ಮೇಲೆ ಬಿದ್ದಿರುವ ಭಾರವೂ ಅಡ್ಡಲಾಗಿ ಚಾಚಿದ ಎಡಗಾಲೂ ಬೇರೆ ನಟರಾಜರಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತವೆ. ಫ್ರೆಂಚ್ ಶಿಲ್ಪಿ ಆಗಸ್ಟ್ ರೋಡಿನ್ 1913ರ ಸುಮಾರಿಗೆ ಮದರಾಸಿನ ನಟರಾಜರ ಬಗ್ಗೆ ಬರೆದದ್ದು ಮೂರ್ತಿಯನ್ನು ಕಣ್ಣಾರೆ ಕಂಡಲ್ಲ, ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು. ಆ ಬರಹ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1921ರಲ್ಲಿ. ವಸ್ತುಸಂಗ್ರಹಾಲಯದಲ್ಲಿ ತೆಗೆದ ಚಿತ್ರ ಮೂಲದ ಬಡ ನಕಲು ಎಂದು ಮೂಗು ಮುರಿಯುವವರು ಇದನ್ನೊಮ್ಮೆ ಯೋಚಿಸಬೇಕು. ಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

ಈ ಮೂರ್ತಿಗಳ ತಯಾರಿಕೆಯ ಕ್ರಮವನ್ನು ತಿಳಿದು ಹೋದರೆ ಕಣ್ಣು ಇನ್ನಷ್ಟು ಚುರುಕಾಗುತ್ತದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿಬಿಟ್ಟು, ಆ ಖಾಲಿ ಜಾಗಕ್ಕೆ ಕರಗಿದ ಲೋಹವನ್ನು ಎರೆಯುತ್ತಾರೆ. ಕೊನೆಗೆ ಅಚ್ಚನ್ನು ಒಡೆಯಲೇಬೇಕಾದ್ದರಿಂದ ಅದೇ ಅಚ್ಚಿನಲ್ಲಿ ಎರಡನೆಯದು ಹುಟ್ಟುವುದಿಲ್ಲ. ತಂಜಾವೂರು ಜಿಲ್ಲೆಯ ಸ್ವಾಮಿಮಲೈನಲ್ಲಿ ಸ್ಥಪತಿಗಳು, ಅಂದರೆ ಸಾಂಪ್ರದಾಯಿಕ ಶಿಲ್ಪಿಗಳು, ಇಂದಿಗೂ ಹೀಗೆಯೇ ಎರಕ ಹೊಯ್ಯುತ್ತಾರೆ. ಬೆರಳಿನ ತುದಿಯ ಮೃದುತ್ವ ಲೋಹದ್ದಲ್ಲ, ಮೇಣದ್ದು ಎಂಬುದು ತಿಳಿದ ಮೇಲೆ, ಇಡೀ ಮೂರ್ತಿಗಿಂತ ಕೈಗಳನ್ನಷ್ಟೇ ಚಿತ್ರಿಸುವ ಹಂಬಲ ನನಗೆ ಹೆಚ್ಚಾಯಿತು. ನಾನು ಉಳಿಸಿಕೊಂಡಿರುವ ಚಿತ್ರಗಳಲ್ಲಿ ಹೆಚ್ಚಿನವು ಅಭಯಹಸ್ತಗಳವೇ.

ಇನ್ನು ತಾಂತ್ರಿಕ ವಿಷಯ. ಮೂರ್ತಿಗಳ ರಕ್ಷಣೆಗೆ ಗಾಜು ಬೇಕೇಬೇಕು, ಗಾಜಿದ್ದಲ್ಲಿ ಪ್ರತಿಬಿಂಬವೂ ಇದ್ದದ್ದೇ. ಕಪ್ಪು ಅಂಗಿ ತೊಟ್ಟು, ಲೆನ್ಸಿಗೆ ರಬ್ಬರ್ ಹುಡ್ ಹಾಕಿ, ಗಾಜಿಗೆ ತಾಗದಂತೆ ಹತ್ತಿರ ಹಿಡಿದರೆ ತೊಂದರೆ ಬಹಳಷ್ಟು ತಗ್ಗುತ್ತದೆ. ಫ್ಲ್ಯಾಷ್ ಬಳಸಲೇಬಾರದು, ನಿಯಮದ ಮಾತು ಹಾಗಿರಲಿ, ಅದರ ಬೆಳಕಿಗೆ ಕಂಚು ಹಿತ್ತಾಳೆ ಪಾತ್ರೆಯಂತೆ ಹೊಳೆದು ನೆರಳೆಲ್ಲ ಸತ್ತುಹೋಗುತ್ತದೆ. 50 ಎಂಎಂ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ತೆರೆದಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ರಿಂದ 3200ರ ನಡುವೆ ಇಟ್ಟುಕೊಂಡರೆ ಕೈಯಲ್ಲಿ ಹಿಡಿದೇ ಚಿತ್ರ ತೆಗೆಯಬಹುದು. ಬೆಳಕಿನ ಬಣ್ಣಕ್ಕೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾಕ್ಕೆ ಬಿಡದೆ ನೀವೇ ನಿಗದಿಪಡಿಸಿ, ಇಲ್ಲದಿದ್ದರೆ ಲೋಹದ ಹಸಿರುಗಪ್ಪು ಬಣ್ಣ ಕೇಸರಿಗೆ ತಿರುಗುವ ಸಂಭವವಿದೆ.

ಶುಕ್ರವಾರ ರಜೆ, ಕ್ಯಾಮೆರಾಕ್ಕೆ ಪ್ರತ್ಯೇಕ ಟಿಕೆಟ್. ಎಗ್ಮೋರ್ ರೈಲು ನಿಲ್ದಾಣ ಹತ್ತಿರದಲ್ಲೇ ಇದೆ. ಕನ್ನಡನಾಡಿನಿಂದ ಹೋಗುವವರು ಮದುವೆಯ ಸೀರೆ ಖರೀದಿಗೆಂದು ಚೆನ್ನೈಗೆ ಬಂದಿದ್ದರೂ ಅರ್ಧ ದಿನವನ್ನು ಇದಕ್ಕಾಗಿ ತೆಗೆದಿಡಬಹುದು. ಆದರೆ ಶಾಲಾ ಮಕ್ಕಳ ಪ್ರವಾಸಗಳ ಗದ್ದಲ ಬೇಡವೆಂದಿದ್ದರೆ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು.