11 ಮೀಟರ್ ಆಳದ ‘ಗುಪ್ತ ಮಾರ್ಗ’: ಒಂದು ಸ್ಕ್ಯಾನಿಂಗ್ ಸೇವೆಯ ವಿಮರ್ಶೆ

ಕಾಸರಗೋಡಿನ ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಗಳಿಗೆ, ಅಗೆಯದೆಯೇ ನೆಲದಡಿ ಏನಿದೆಯೆಂದು ತೋರಿಸಿಕೊಡುವ ಸೇವೆ ಇದು. ಉಪಕರಣ 400 ಮೆಗಾಹರ್ಟ್ಸ್ ಆಂಟೆನಾದ ಜಿಪಿಆರ್, ಅಂದರೆ ನೆಲದೊಳಗೆ ನೋಡುವ ರಾಡಾರ್: ನೆಲಕ್ಕೆ ರೇಡಿಯೊ ಅಲೆ ಬಿಟ್ಟು, ಅದು ಮರಳುವ ಸಮಯ ಅಳೆಯುವ ಯಂತ್ರ. ಯಂತ್ರ ಒಳ್ಳೆಯದೇ. ಅಂಗಣದ ಒಂದು ಕಲ್ಲೂ ಅಲುಗುವುದಿಲ್ಲ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಕೆಟ್ಟಿರುವುದು ವರದಿ. ಗರ್ಭಗುಡಿಯ ಬದಿಯಿಂದ ಕೆರೆಯವರೆಗೆ 11 ಮೀಟರ್ ಆಳದಲ್ಲಿ ‘ಗುಪ್ತ ಮಾರ್ಗ’ ಇದೆಯೆಂದು ಅದರ ಕೊನೆಯ ಪುಟ ಹೇಳುತ್ತದೆ.

ವರದಿಯಲ್ಲಿರುವ ಸ್ಕ್ಯಾನ್ ಚಿತ್ರದ ಅಂಚಿನ ಸಮಯದ ಪಟ್ಟಿ 80 ನ್ಯಾನೊಸೆಕೆಂಡಿಗೆ ಮುಗಿಯುತ್ತದೆ. ಒಣ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಅಲೆ ನ್ಯಾನೊಸೆಕೆಂಡಿಗೆ ಸುಮಾರು 0.1 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ 8 ಮೀಟರ್, ಅಂದರೆ ಆಳ 4. ಮಳೆಗಾಲದಲ್ಲಿ ವೇಗ 0.07ಕ್ಕೆ ಇಳಿದರೆ 2.8 ಮೀಟರ್ ಅಷ್ಟೇ. ಮತ್ತೆ 11 ಎಲ್ಲಿಂದ ಬಂತು? ಲೆಕ್ಕಕ್ಕೆ 0.3 ಹಾಕಿದರೆ ಪಟ್ಟಿ 12 ಮೀಟರ್‌ವರೆಗೆ ಹೋಗುತ್ತದೆ, 11 ಅದರೊಳಗೆ ಬರುತ್ತದೆ. ಅದು ಗಾಳಿಯಲ್ಲಿ ಅಲೆ ಓಡುವ ವೇಗ. ಆಂಟೆನಾಕ್ಕೆ ಕವಚವಿದ್ದರೂ ಸ್ವಲ್ಪ ಅಲೆ ಮೇಲಕ್ಕೆ ಸೋರುತ್ತದೆ. 11 ಮೀಟರ್ ದೂರದ ಶೀಟಿನ ಚಪ್ಪರ, ವಿದ್ಯುತ್ ಕಂಬ, ಅಶ್ವತ್ಥ ಮರ ಯಾವುದಾದರೂ ಇಂಥದೇ ಗುರುತು ಮೂಡಿಸಬಲ್ಲದು. ಬಿಲ್ಲಿನಂತೆ ಬಾಗಿದ ಆ ಗುರುತಿಗೆ ವೇಗ ಹೊಂದಿಸಿ ನೋಡಿದಾಗ 0.3 ಬಂದರೆ, ಆ ವಸ್ತು ನೆಲದ ಮೇಲೆಯೇ ಇದೆ.

ಇನ್ನು ಸ್ಕ್ಯಾನ್ ಗೆರೆಗಳ ನಡುವೆ 2 ಮೀಟರ್ ಅಂತರ ಬಿಟ್ಟಿದ್ದಾರೆ. ನಮ್ಮ ಕಡೆ ನೀರಿಗಾಗಿ ತೋಡಿದ ಸುರಂಗಗಳು ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನುಗ್ಗುವಷ್ಟೇ ಅಗಲ. ಆ ಅಂತರದಲ್ಲಿ ನಿಜವಾದ ಸುರಂಗವೇ ತಪ್ಪಿಹೋಗಬಹುದು, ಬಿಡಿಬಿಡಿ ಚುಕ್ಕೆಗಳನ್ನು ಸಾಫ್ಟ್‌ವೇರ್ ಬಣ್ಣ ತುಂಬಿ ಮಾರ್ಗವಾಗಿಸಲೂಬಹುದು. ಗೆರೆಗಳು 50 ಸೆಂಟಿಮೀಟರಿಗಿಂತ ಹತ್ತಿರವಿರಬೇಕು, ಅಡ್ಡಕ್ಕೂ ಉದ್ದಕ್ಕೂ ಎಳೆದಿರಬೇಕು. ದೇವಸ್ಥಾನದ ಬಾವಿಯ ನೀರಿನ ಮಟ್ಟವನ್ನಂತೂ ಯಾರೂ ನೋಡಿಲ್ಲ. ಕೆರೆಯ ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ನಡೆದಾಡುವ ದಾರಿ ಒಣಗಿ ಉಳಿಯುವುದಿಲ್ಲ.

ಈ ಸೇವೆಯ ಕರಪತ್ರದಲ್ಲಿ ಈಜಿಪ್ಟಿನ ಖಫ್ರೆ ಪಿರಮಿಡ್ಡಿನ ಚಿತ್ರ ಹಾಕಿರುವುದು ಬೇಸರದ ಸಂಗತಿ. ಅದರಡಿಯಲ್ಲಿ 648 ಮೀಟರ್ ಆಳಕ್ಕಿಳಿಯುವ 8 ಸ್ತಂಭಗಳಿವೆ ಎಂದು 2025ರ ಮಾರ್ಚಿನಲ್ಲಿ ಸಾರಿದವರು ಬಳಸಿದ್ದು ಉಪಗ್ರಹದ ರಾಡಾರ್. ಆ ಅಲೆ ಬಂಡೆಯೊಳಗೆ ಅಷ್ಟು ಆಳ ಹೋಗುವುದಿಲ್ಲ. ಮೇಲ್ಮೈಯ ಕಂಪನದಿಂದ ಒಳಗಿನದನ್ನು ಊಹಿಸಿದ್ದೇವೆ ಎಂಬುದು ಅವರ ವಾದ. ಇತರ ತಜ್ಞರ ಪರಿಶೀಲನೆಗೆ ಒಳಪಡುವ ಮೊದಲೇ ಅದು ಸುದ್ದಿಯಾಯಿತು. ಪಕ್ಕದ ಖುಫು ಪಿರಮಿಡ್ಡಿನಲ್ಲಿ ನಡೆದದ್ದು ಬೇರೆ: ಆಕಾಶದಿಂದ ಬಂದು ಕಲ್ಲನ್ನೂ ತೂರಿಹೋಗುವ ಮ್ಯುಆನ್ ಕಣಗಳ ಅಳತೆ ತೋರಿಸಿದ 9 ಮೀಟರ್ ಉದ್ದದ ಓಣಿಯನ್ನು, ಕಲ್ಲಿನ ಸಂದಿಯಲ್ಲಿ ಪುಟ್ಟ ಕ್ಯಾಮೆರಾ ತೂರಿಸಿ ಕಣ್ಣಾರೆ ಕಂಡು 2023ರಲ್ಲಿ ಪ್ರಕಟಿಸಿದರು. ಕರಪತ್ರಕ್ಕೆ ಆ ಉದಾಹರಣೆ ಬೇಕಿತ್ತು.

ನಮ್ಮ ನೆಲದಡಿ ಏನೂ ಇಲ್ಲವೆಂದಲ್ಲ. ನೀರಿಗಾಗಿ ತೋಡಿದ ಸುರಂಗಗಳಿವೆ, ಮುರಕಲ್ಲಿನಲ್ಲಿ ಕೊರೆದ ಬೃಹತ್ ಶಿಲಾಯುಗದ ಸಮಾಧಿ ಗುಹೆಗಳಿವೆ, ಮುರಕಲ್ಲಿನ ಕೆಳಗಿನ ಜೇಡಿಯನ್ನು ನೀರು ಕೊರೆದು ಮಾಡಿದ ಬಿಲಗಳೂ ಇವೆ. ಕಾಸರಗೋಡಿನ ಅನಂತಪುರ ಕೆರೆ ದೇವಸ್ಥಾನದ ಗುಹೆ ತಿರುವನಂತಪುರ ಮುಟ್ಟುತ್ತದೆ ಎಂಬುದು ಭಕ್ತಿಯ ಮಾತು, ಅದಕ್ಕೆ ರಾಡಾರಿನ ಸಾಕ್ಷಿ ಬೇಡ. ಅಳತೆ ಎಂದು ಹಣ ಪಡೆದು ಕೊಡುವ ಸಂಖ್ಯೆಗೆ ಮಾತ್ರ ಸಾಕ್ಷಿ ಬೇಕೇ ಬೇಕು.

ಕರೆಸುವುದಾದರೆ ನೆಲ ಒಣಗಿರುವ ಮಾರ್ಚ್–ಏಪ್ರಿಲಿನಲ್ಲಿ ಕರೆಸಿ. ಮೊದಲು ಯಾರದಾದರೂ ತೋಟದ ಸುರಂಗದ ಮೇಲೆ ಯಂತ್ರ ಎಳೆಸಿ. ಅದರ ಮಾಡು ಎಷ್ಟು ಕೆಳಗಿದೆಯೆಂದು ಟೇಪಿನಲ್ಲಿ ಅಳೆದು, ಅಲ್ಲಿ ಸಿಕ್ಕ ವೇಗವನ್ನೇ ದೇವಸ್ಥಾನದ ಲೆಕ್ಕಕ್ಕೂ ಹಾಕಿಸಿ. ಬಣ್ಣದ ಪಿಡಿಎಫ್ ಜೊತೆ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ವರದಿ ಹಿಡಿದುಕೊಂಡು ಹಾರೆ ಎತ್ತುವಂತಿಲ್ಲ.

ಯಂತ್ರಕ್ಕೆ 5ರಲ್ಲಿ 4, ವರದಿಗೆ 1.