ಆಲೆಮನೆಯೋ ಮೃಗಾಲಯವೋ? ಯಾವ ತರಗತಿಗೆ ಯಾವ ಪ್ರವಾಸ

ಶಾಲಾ ಪ್ರವಾಸ ಅಂದರೆ ನಮ್ಮ ಕಡೆ 5ರಿಂದ 7ನೇ ತರಗತಿಯವರಿಗೆ ಒಂದು ಸರ್ಕಾರಿ ಬಸ್ಸು. ಬೆಳಗಿನ ಜಾವ ಹೊರಟು ಐದಾರು ಜಾಗ ಸುತ್ತಿ ವಾಪಸ್ಸು. ಚಿಕ್ಕ ತರಗತಿಯವರು ಗೇಟಿನ ಹತ್ತಿರ ನಿಂತು ಟಾಟಾ ಮಾಡುವವರು. ಮದ್ದೂರು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನಾನು ಕೆಲವು ವರ್ಷಗಳಿಂದ ಇದನ್ನು ತರಗತಿವಾರು ಒಡೆದು ನೋಡುತ್ತಿದ್ದೇನೆ. ಒಂದೇ ವಿಷಯಕ್ಕೆ ಎರಡು ಜಾಗ ಇಟ್ಟುಕೊಳ್ಳುವುದು, ಇಲ್ಲವೇ ಒಂದು ಕಡೆ ಪ್ರವಾಸ, ಇನ್ನೊಂದು ಕಡೆ ತರಗತಿ ಕೋಣೆ. ಯಾವುದರಲ್ಲಿ ಮಕ್ಕಳು ಜಾಸ್ತಿ ಕಲಿತರು? ನನ್ನ ಪರೀಕ್ಷೆ ಸರಳ. ಒಂದು ವಾರ ಬಿಟ್ಟು ಮಾತಾಡಿಸಿದಾಗ ಅವರು ಏನು ಹೇಳುತ್ತಾರೆ, ಅದಕ್ಕಿಂತ ಮುಖ್ಯವಾಗಿ ಏನು ಕೇಳುತ್ತಾರೆ, ಅಷ್ಟೇ.

ದೂರ ಹೋದಷ್ಟೂ ಕಲಿಕೆ ಹೆಚ್ಚು ಅನ್ನುವುದಂತೂ ಸುಳ್ಳು.

1ರಿಂದ 3: ಮೃಗಾಲಯ ಮತ್ತು ಆಲೆಮನೆ

ನಲಿ-ಕಲಿ ಕೋಣೆ ನೋಡಿದವರಿಗೆ ಗೊತ್ತು. ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಕೈಯಲ್ಲಿ ಕಾರ್ಡು, ಗೋಡೆಯಲ್ಲಿ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ, ಆಡುತ್ತಾ ಕಲಿಯುವ ಪದ್ಧತಿ ಇದು. ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ ಇರುತ್ತಾರೆ. ಇಂಥ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ "ಎಲ್ಲರೂ ಇಲ್ಲಿ ನೋಡಿ" ಅಂದರೆ ಯಾರೂ ನೋಡುವುದಿಲ್ಲ.

ಮೈಸೂರು ಮೃಗಾಲಯ 1892ರಿಂದ ಇದೆ, ಚೆಂದದ ಜಾಗ, ಅದರಲ್ಲಿ ತಕರಾರಿಲ್ಲ. ಆದರೆ ಆರು ವರ್ಷದ ಕಾಲಿಗೆ ಅದು ತುಂಬಾ ದೊಡ್ಡದು. ಜಿರಾಫೆ, ಆನೆ ನೋಡುವ ತನಕ ಕುಣಿತ. ಆಮೇಲೆ ಕಾಲುನೋವು, ನೀರು, "ಮಿಸ್, ಒಂದಕ್ಕೆ". ಅರ್ಧ ದಾರಿಯಲ್ಲಿ ನಾವು ಪ್ರಾಣಿ ತೋರಿಸುವುದು ಬಿಟ್ಟು ತಲೆ ಎಣಿಸುವುದರಲ್ಲೇ ಇರುತ್ತೇವೆ. ವಾರ ಬಿಟ್ಟು ಕೇಳಿದರೆ ಜಿರಾಫೆ ನೆನಪಿದೆ, ಐಸ್‌ಕ್ರೀಮ್ ನೆನಪಿದೆ, ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು ಅನ್ನುವುದು ಇನ್ನೂ ಚೆನ್ನಾಗಿ ನೆನಪಿದೆ. ಅಂದಹಾಗೆ ಮಂಗಳವಾರ ಮೃಗಾಲಯಕ್ಕೆ ವಾರದ ರಜೆ, ದಿನ ಗೊತ್ತುಮಾಡುವ ಮೊದಲು ನೋಡಿಕೊಳ್ಳಿ.

ಆಲೆಮನೆ ನಮಗೆ ನಡೆದು ಹೋಗುವಷ್ಟು ಹತ್ತಿರ. "ನಮ್ಮೂರ ಮಕ್ಕಳು ಆಲೆಮನೆ ನೋಡಿಲ್ವಾ ಮೇಡಂ?" ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ನೋಡಿದ್ದಾರೆ, ಬಿಸಿ ಬೆಲ್ಲ ತಿಂದೂ ಇದ್ದಾರೆ. ಮೊದಲಿಂದ ಕೊನೆಯ ತನಕ ಸಾಲಾಗಿ ನೋಡಿ ಅಂತ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಗಾಣಕ್ಕೆ ಕಬ್ಬು ಕೊಡುವುದು, ಕಬ್ಬಿನ ಹಾಲು ಕೊಪ್ಪರಿಗೆಗೆ ಬರುವುದು, ಒಣಗಿದ ಸಿಪ್ಪೆಯೇ ಒಲೆಗೆ ಉರುವಲಾಗುವುದು, ಮೇಲೆ ತೇಲುವ ಕೊಳೆ ತೆಗೆಯುವುದು, ಪಾಕವನ್ನು ಅಚ್ಚಿಗೆ ಸುರಿಯುವುದು. ಎಲ್ಲವೂ ಒಂದೇ ಸೂರಿನ ಕೆಳಗೆ. ಯಜಮಾನರಿಗೆ ಮೊದಲೇ ಹೇಳಿಟ್ಟರೆ ಅಚ್ಚಿಗೆ ಸುರಿಯುವ ಹೊತ್ತಿಗೆ ಸರಿಯಾಗಿ ಕರೆಯುತ್ತಾರೆ. ಗಾಣ ಮತ್ತು ಕೊಪ್ಪರಿಗೆಯ ಈಚೆ ಹಗ್ಗ ಕಟ್ಟಿಸಿ, ಅಲ್ಲೊಬ್ಬ ದೊಡ್ಡವರನ್ನು ನಿಲ್ಲಿಸಲೇಬೇಕು. ಕುದಿಯುವ ಪಾಕದ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ವಾಪಸ್ ಬಂದ ಮೇಲೆ 3ನೇ ತರಗತಿಯವರು ಅಚ್ಚುಗಳನ್ನು ಹತ್ತು ಹತ್ತಾಗಿ ಗುಂಪು ಮಾಡಿ ಲೆಕ್ಕ ಹಾಕಿದರು. 1ನೇ ತರಗತಿಯವರು ಗಾಣ ಬರೆದರು, ಅದು ಚಪ್ಪರಕ್ಕೆ ಹೋಯಿತು. 2ನೇ ತರಗತಿಯ ಒಬ್ಬಳು ಕೇಳಿದ ಪ್ರಶ್ನೆ: "ಹಾಲು ಹಸಿರಾಗಿತ್ತಲ್ಲ ಮಿಸ್, ಬೆಲ್ಲ ಯಾಕೆ ಕೆಂಪಗಾಯ್ತು?" ಮೃಗಾಲಯದಿಂದ ಬಂದ ವಾರ ಇಂಥ ಒಂದು "ಯಾಕೆ" ನನಗೆ ಸಿಕ್ಕಿರಲಿಲ್ಲ. ಈ ವಯಸ್ಸಿಗೆ ನನ್ನ ಮತ ಆಲೆಮನೆಗೇ. ಪೇಟೆಯ ಶಾಲೆಯವರು ಬೇಕರಿ, ಹಿಟ್ಟಿನ ಗಿರಣಿ, ಅಂಚೆ ಕಚೇರಿ ಇಟ್ಟುಕೊಳ್ಳಬಹುದು.

4 ಮತ್ತು 5: ರಂಗನತಿಟ್ಟು ಮತ್ತು ಕೊಕ್ಕರೆ ಬೆಳ್ಳೂರು

ಇದು ಗಟ್ಟಿ ಪೈಪೋಟಿ. ಎರಡೂ ಹಕ್ಕಿಯ ಜಾಗ, ಎರಡೂ ಮಂಡ್ಯ ಜಿಲ್ಲೆಯವೇ.

ರಂಗನತಿಟ್ಟಿನಲ್ಲಿ ದೋಣಿ ಇದೆ. ಅದೊಂದೇ ಸಾಕು, ಮಕ್ಕಳು ಮೊದಲೇ ಅದರ ಕಡೆ ವಾಲುತ್ತಾರೆ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ನಡುಗಡ್ಡೆಗಳು ಅವು. ಬಂಡೆಯ ಮೇಲೆ ಬಾಯಿ ಕಳೆದು ಮಲಗಿದ ಮೊಸಳೆ, ಮರದ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದಂಥ ಕೊಕ್ಕಿನ ಹಕ್ಕಿ. ಕೊಕ್ಕಿನ ಆಕಾರಕ್ಕೂ ಆಹಾರಕ್ಕೂ ಏನು ಸಂಬಂಧ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ತೊಂದರೆ ಏನೆಂದರೆ ಹೊತ್ತು ಕಡಿಮೆ. ದೋಣಿ ಒಂದು ಸುತ್ತು ಹಾಕಿ ಬಂದುಬಿಡುತ್ತದೆ, ಅಷ್ಟರಲ್ಲಿ ಅರ್ಧ ಮಕ್ಕಳು ಮೊಸಳೆ ಬಿಟ್ಟು ಬೇರೇನನ್ನೂ ನೋಡಿರುವುದಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ನೀರು ಜಾಸ್ತಿ ಬಿಟ್ಟರೆ ದೋಣಿಯೇ ಇಲ್ಲ.

ಕೊಕ್ಕರೆ ಬೆಳ್ಳೂರಿನಲ್ಲಿ ದೋಣಿ ಇಲ್ಲ, ಪಾರ್ಕಿಲ್ಲ, ಮೊಸಳೆ ಇಲ್ಲ. ಸುಮ್ನೆ ಒಂದು ಊರು. ಮನೆ ಪಕ್ಕದ ಹುಣಸೆಮರದಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಪಾತ್ರೆ ಬೆಳಗುತ್ತಿರುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಊರಿನವರು ಹೇಳುತ್ತಾರೆ. ಹಿಕ್ಕೆ ಗೊಬ್ಬರವಾಗುತ್ತದೆ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವವರೂ ಇದ್ದಾರೆ. ಇಲ್ಲಿ ಮಕ್ಕಳು ಮರದ ಕೆಳಗೆ ಬೇಕಾದಷ್ಟು ಹೊತ್ತು ಕೂರಬಹುದು. ಒಂದೊಂದು ಗುಂಪಿಗೆ ಒಂದೊಂದು ಗೂಡು ಹಂಚಿದೆ. ತಾಯಿ ಎಷ್ಟು ಸಲ ಬಂತು, ಮರಿ ಹೇಗೆ ಉಣ್ಣುತ್ತದೆ, ಬರೆದುಕೊಳ್ಳಿ ಅಂದೆ. ಮರಿ ತಾಯಿಯ ಬಾಯೊಳಗೆ ತಲೆ ತೂರಿಸಿದ್ದು ಕಂಡು 4ನೇ ತರಗತಿಯವರು ಕಿರುಚಿದ್ದಕ್ಕೆ ಅಜ್ಜಿಯೊಬ್ಬರಿಂದ ಬೈಸಿಕೊಂಡರು. ಬೈಗುಳವೂ ಪಾಠವೇ, ಅಲ್ವಾ?

ವಾರದ ನಂತರ ರಂಗನತಿಟ್ಟಿನ ಗುಂಪು ಹೆಸರುಗಳನ್ನು ಹೇಳಿತು. ಬೆಳ್ಳೂರಿನ ಗುಂಪು ಜಗಳ ಆಡಿತು: ಹಿಕ್ಕೆಯ ವಾಸನೆ ಸಹಿಸಿಕೊಂಡು ನಮ್ಮೂರಲ್ಲಾದರೆ ಮರ ಉಳಿಸುತ್ತಿದ್ದರಾ ಇಲ್ಲವಾ ಅಂತ. 5ನೇ ತರಗತಿಯ ಪರಿಸರ ಅಧ್ಯಯನಕ್ಕೆ ಇದಕ್ಕಿಂತ ಏನು ಬೇಕು? ಹೆಸರು, ಕೊಕ್ಕು, ಜಾತಿ ಗುರುತಿಸುವುದಕ್ಕೆ ರಂಗನತಿಟ್ಟು. ಹಕ್ಕಿಯ ಬದುಕಿಗೆ ಬೆಳ್ಳೂರು. ಒಂದನ್ನೇ ಆರಿಸು ಅಂದರೆ ಬೆಳ್ಳೂರು.

ಒಂದು ತೊಡಕಿದೆ. ಇಲಾಖೆ ಸಾಮಾನ್ಯವಾಗಿ ಡಿಸೆಂಬರ್ ಒಳಗೆ ಪ್ರವಾಸ ಮುಗಿಸಿ ಅನ್ನುತ್ತದೆ. ಬೆಳ್ಳೂರಿನ ಗೂಡುಗಳಲ್ಲಿ ಮರಿ ಚೆನ್ನಾಗಿ ಕಾಣುವುದು ಅದರ ನಂತರ, ಫೆಬ್ರವರಿ ಹೊತ್ತಿಗೆ. ನಾವು ಅದನ್ನು ದೊಡ್ಡ ಪ್ರವಾಸದ ಪಟ್ಟಿಗೆ ಸೇರಿಸದೆ, ಅನುಮತಿ ಪಡೆದು ಅರ್ಧ ದಿನದ ಹೊರಸಂಚಾರ ಮಾಡುತ್ತೇವೆ. ಮಧ್ಯಾಹ್ನದ ಊಟಕ್ಕೆ ಶಾಲೆಗೇ ವಾಪಸ್ಸು.

ತರಗತಿಯೇ ಗೆದ್ದ ಒಂದು ಪಾಠ

ಕನ್ನಂಬಾಡಿ ಕಟ್ಟೆ. 6ನೇ ತರಗತಿಯವರನ್ನು ಕೆಆರ್‌ಎಸ್‌ಗೆ ಕರೆದುಕೊಂಡು ಹೋದರೆ ಕಾಣುವುದು ಬೃಂದಾವನ, ಕಾರಂಜಿ, ದೂರದಿಂದ ಕಟ್ಟೆ. ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲ. ತೂಬು, ನಾಲೆ, ನೀರಿನ ಮಟ್ಟ ಯಾವುದೂ ಮಕ್ಕಳಿಗೆ ಅರ್ಥವಾಗುವಂತೆ ಅಲ್ಲಿ ಸಿಗುವುದಿಲ್ಲ.

ಅದೇ ತರಗತಿಯಲ್ಲಿ ಜೂನ್‌ನಿಂದ ಪತ್ರಿಕೆ ತರಿಸಿದೆ. ದಿನಾ ಬರುತ್ತದಲ್ಲ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು, ಹೊರಹರಿವು. ಹಾಳೆ ಅಂಟಿಸಿ, ಪ್ರತಿದಿನ ಒಬ್ಬರು ಒಂದು ಚುಕ್ಕಿ ಇಟ್ಟು ಗೆರೆ ಎಳೆಯಬೇಕು. ಕೊಡಗಿನಲ್ಲಿ ಮಳೆ ಬಂದ ಸುದ್ದಿಗೂ ಗೆರೆ ಮೇಲೇರುವುದಕ್ಕೂ ಸಂಬಂಧ ಅವರೇ ಕಂಡುಕೊಂಡರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಯಾವಾಗ ನೀರು ಬಿಡುತ್ತಾರೆ ಅಂತ ಮನೆಯಲ್ಲಿ ಅಪ್ಪ ಮಾತಾಡುವುದು ಈಗ ಮಕ್ಕಳಿಗೆ ಲೆಕ್ಕವಾಗಿ ಕಂಡಿತು. ಒಂದು ರೂಪಾಯಿ ಬಸ್ ಖರ್ಚಿಲ್ಲ. ಕಾರಂಜಿ ನೋಡಬೇಡಿ ಅನ್ನುತ್ತಿಲ್ಲ, ನೋಡಿ. ಅದಕ್ಕೆ ನೀರಾವರಿ ಪಾಠ ಅಂತ ಹೆಸರಿಡಬೇಡಿ.

6 ಮತ್ತು 7: ಶ್ರೀರಂಗಪಟ್ಟಣ ಮತ್ತು ಸೋಮನಾಥಪುರ

ದೊಡ್ಡ ಮಕ್ಕಳಿಗೆ ಇತಿಹಾಸದ ಜಾಗ ಒಪ್ಪುತ್ತದೆ. ಶ್ರೀರಂಗಪಟ್ಟಣದ ಬಲ ಕಥೆಯಲ್ಲಿದೆ. 1784ರ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಮದ್ದಿನ ಗಾಡಿ ಹೊತ್ತಿಕೊಂಡಿದ್ದು ಎಲ್ಲಿ, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿ ಬೈಲಿ ಎಲ್ಲಿ ಅಂತ ಹುಡುಕಿಸಿದರೆ ಸಾಕು. ಆಮೇಲೆ ಅವನ ಹೆಸರಿನ ಬಂದೀಖಾನೆಯನ್ನೂ ಅದೇ ಊರಿನಲ್ಲಿ ತೋರಿಸಬಹುದು. ಆದರೆ ಜಾಗಗಳು ಚದುರಿವೆ. ಹತ್ತಿ ಇಳಿ, ಹತ್ತಿ ಇಳಿ. ಕೋಟೆ, ಗುಂಬಜ್, ದೇವಸ್ಥಾನ, ಸಂಗಮ ಅಂತ ಓಡುವಷ್ಟರಲ್ಲಿ ಟಿಪ್ಪು ಮಡಿದ 1799 ಅನ್ನುವ ಇಸವಿ ಮಾತ್ರ ಉಳಿಯುತ್ತದೆ. ಸಂಗಮದಲ್ಲಿ ಮಕ್ಕಳು ನೀರಿಗಿಳಿಯಲು ಹಟ ಹಿಡಿಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ತೀರಿಕೊಂಡ ಮೇಲೆ ನೀರಿರುವ ಕಡೆ ನನಗೆ ಜೀವ ಕೈಯಲ್ಲಿರುತ್ತದೆ.

ಸೋಮನಾಥಪುರ ಒಂದೇ ಕಟ್ಟಡ, ಒಂದೇ ಅಂಗಳ, ಒಂದೇ ಬಾಗಿಲು. ಮಕ್ಕಳು ಎಲ್ಲೂ ಕಳೆದುಹೋಗುವುದಿಲ್ಲ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಹೊಯ್ಸಳ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೇಲೂರು, ಹಳೇಬೀಡು ಇನ್ನೂ ದೊಡ್ಡವು, ಒಪ್ಪುತ್ತೇನೆ. ಆದರೆ ಮದ್ದೂರಿನಿಂದ ಅಲ್ಲಿಗೆ ಹೋಗಿ ಬರುವುದರಲ್ಲಿ ದಿನ ಬಸ್ಸಿನಲ್ಲೇ ಮುಗಿಯುತ್ತದೆ.

ಇಲ್ಲಿ ನಮಗೆ ಕೆಲಸ ಕೊಟ್ಟಿದ್ದು ಗೋಡೆಯ ಪಟ್ಟಿಕೆಗಳು. ಕೆಳಗಿನಿಂದ ಮೇಲೆ: ಆನೆ, ಕುದುರೆ ಸವಾರರು, ಬಳ್ಳಿ, ಆಮೇಲೆ ಪುರಾಣದ ಕಥೆ. ಎಲ್ಲ ಮಕ್ಕಳ ಕಣ್ಣಿಗೆ ನಿಲುಕುವ ಎತ್ತರದಲ್ಲಿವೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ ಒಂದೊಂದು ಮೂಲೆ ಕೊಟ್ಟೆ. ಕಥೆ ಗುರುತಿಸಿ, ಒಂದೇ ತರ ಇರುವ ಎರಡು ಆನೆ ಸಿಕ್ಕರೆ ತೋರಿಸಿ ಅಂದೆ. ಆಟ ಅಂತ ಶುರುವಾಗಿದ್ದು ಹಟವಾಯಿತು. ಇನ್ನೊಂದು ಗುಂಪು ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕುತ್ತಿತ್ತು. ವಿಗ್ರಹಗಳ ಕೆಳಗೆ ಹಳೆಯ ಕನ್ನಡ ಲಿಪಿಯಲ್ಲಿ ಅವನು ಸಹಿ ಹಾಕಿದ್ದಾನೆ. ಅಕ್ಷರ ಪೂರ್ತಿ ಓದಲು ಬರದಿದ್ದರೂ ಒಂದು ಕಡೆ ನೋಡಿದ್ದು ಇನ್ನೊಂದು ಕಡೆ ಕಂಡಾಗ ಗುರುತು ಹಿಡಿದರು. ರಾಜನ ಹೆಸರು ಗೊತ್ತಿರುತ್ತದೆ, ಕೆತ್ತಿದವನ ಹೆಸರೂ ಇರುತ್ತದೆ ಅನ್ನುವುದೇ ಅವರಿಗೆ ಹೊಸದು. ಬಳಪದ ಕಲ್ಲು ಅಂದಾಗ ಒಬ್ಬ ಹುಡುಗ ಜೇಬಿನಿಂದ ತಮ್ಮನ ಬಳಪ ತೆಗೆದು ಹೋಲಿಸಿ ನೋಡಿದ. ಗೋಡೆಗೆ ಉಜ್ಜುವ ಮೊದಲೇ ಕಿತ್ತುಕೊಂಡೆ ಅನ್ನಿ.

ಕಥೆ ಇಷ್ಟಪಡುವ ತರಗತಿಗೆ ಶ್ರೀರಂಗಪಟ್ಟಣ ಕೆಟ್ಟದಲ್ಲ, ಎರಡೇ ಜಾಗ ಇಟ್ಟುಕೊಂಡರೆ. ನನ್ನ ಆಯ್ಕೆ ಸೋಮನಾಥಪುರ, ಅದೂ ಹೊಯ್ಸಳರ ಪಾಠ ಮುಗಿದ ವಾರದಲ್ಲೇ. ಪಾಠಕ್ಕೆ ಮೊದಲೇ ಒಂದು ತಂಡ ಹೋಗಿತ್ತು; ಅವರು ಅಂಗಳದಲ್ಲಿ ಫೋಟೊ ತೆಗೆಸಿಕೊಂಡು ಊಟದ ಡಬ್ಬಿ ಬಿಚ್ಚಿದರು.

ಈ ಸಲದ 7ನೇ ತರಗತಿಯವರ ಬೇಡಿಕೆ ಬೇರೆಯೇ ಇದೆ: ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ. ಕಲಿಕೆ ಅಂತ ಹೇಳಿಕೊಳ್ಳುವಂಥದ್ದು ಏನಿಲ್ಲ, ಖುಷಿ ಮಾತ್ರ ಬೇಕಾದಷ್ಟಿದೆ. ಆದರೆ ದೀಪ ಹತ್ತುವುದು ಕತ್ತಲಾದ ಮೇಲೆ, ಮತ್ತು ಕತ್ತಲಾದ ಮೇಲೆ ಮಕ್ಕಳ ಬಸ್ಸು ರಸ್ತೆಯಲ್ಲಿ ಇರಬಾರದು ಅನ್ನುವುದು ನಮ್ಮ ಹೆಡ್‌ಮಾಸ್ಟರ್ ಪಟ್ಟು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಮುಂದಿನ ವಾರ ಇದೆ. ಪೋಷಕರು ಅರಮನೆಯ ಕಡೆಗಿದ್ದಾರೆ. ನಾನು ಸೋಮನಾಥಪುರಕ್ಕೆ ಕೈ ಎತ್ತುತ್ತೇನೆ.